ಸಂದೇಹಪಟ್ಟ ನೌಕರನಿಗೆ ಸಲ್ಲಬೇಕಾದ ಗೌರವ

2016ರ ಫೆಬ್ರುವರಿಯಲ್ಲಿ, ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಜಾಲವನ್ನು ಗುಪ್ತವಾಗಿ ಪ್ರವೇಶಿಸಿದ್ದ ಚೋರರು, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಆ ದೇಶದ ನಿಧಿಯಿಂದ ಸುಮಾರು 95 ಕೋಟಿ ಡಾಲರುಗಳನ್ನು ಅಪಹರಿಸಲೆಂದು, ಬ್ಯಾಂಕುಗಳು ಪರಸ್ಪರ ಪಾವತಿ ಸಂದೇಶಗಳನ್ನು ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಯ ಮೂಲಕ ಕೃತ್ರಿಮ ಆದೇಶಗಳನ್ನು ಕಳುಹಿಸಿದರು. ಶ್ರೀಲಂಕೆಯ ಸಂಸ್ಥೆಯೊಂದಕ್ಕೆಂದು ಹೊರಟಿದ್ದ 2 ಕೋಟಿ ಡಾಲರುಗಳ ಆದೇಶದಲ್ಲಿ ‘ಫೌಂಡೇಶನ್’ ಎಂಬ ಪದದ ಕಾಗುಣಿತ ತಪ್ಪಿದ್ದುದನ್ನು ಮಧ್ಯವರ್ತಿ ಬ್ಯಾಂಕಿನವರು ಗಮನಿಸಿ ವಿವರಣೆ ಕೇಳಿದುದರಿಂದ ಆ ಮೊತ್ತ ಉಳಿಯಿತು. ಢಾಕಾದಲ್ಲಾದರೋ, ಪಾವತಿಗಳ ವಿವರವನ್ನು ಅಚ್ಚುಹಾಕುವ ಪ್ರಿಂಟರು ಸ್ತಬ್ಧವಾದಾಗ, ಅದು ಎಂದಿನ ದೋಷವೇ ಇರಬೇಕೆಂದು ಸಿಬ್ಬಂದಿಯವರು ಭಾವಿಸಿದರು. 8 ಕೋಟಿ 10 ಲಕ್ಷ ಡಾಲರು ಫಿಲಿಪೀನ್ಸಿಗೆ ಹೋಗಿ ಸೇರಿತು. ಚೋರರು ಮೊದಲು ಒಳಹೊಕ್ಕದ್ದು, ಉದ್ಯೋಗಾಕಾಂಕ್ಷಿಗಳ ಸೋಗಿನಲ್ಲಿ ನೌಕರರಿಗೆ ಬರೆದ ಈಮೇಲುಗಳಿಂದ ಎಂದು ಅಮೆರಿಕದ ತನಿಖೆ ಹೇಳುತ್ತದೆ.

ಆ ಸಿಬ್ಬಂದಿಯನ್ನು ದೂಷಿಸುವುದು ನನಗೆ ಸರಿತೋರದು. ಯಂತ್ರವು ಮೌನವಾದರೆ ಯಾರಿಗೆ ತಿಳಿಸಬೇಕು, ಢಾಕಾದ ವಾರದ ರಜೆಯಾದ ಶುಕ್ರವಾರದಂದು ಯಾರು ದೊರೆಯುತ್ತಾರೆ, ಸಂದೇಹ ಸುಳ್ಳಾದರೆ ಮೇಲಧಿಕಾರಿ ಗದರಿಸುವರೋ ಧನ್ಯವಾದ ಹೇಳುವರೋ ಎಂಬುದನ್ನು ಮುಂಚಿತವಾಗಿ ನಿಶ್ಚಯಿಸಬೇಕಾದುದು ಆಡಳಿತದ ಕರ್ತವ್ಯ. ವರ್ಷಕ್ಕೊಮ್ಮೆ ಕಡ್ಡಾಯವಾಗಿ ಕೇಳಿಸುವ ಉಪನ್ಯಾಸದಿಂದ ಇದು ಸಿದ್ಧಿಸಲಾರದು. ಯಾವ ನಿಯಮವು ನಿತ್ಯದ ಕಾರ್ಯಕ್ಕೆ ಅಡ್ಡಿಯಾಗುತ್ತಿದೆಯೆಂದು ನೌಕರರನ್ನೇ ಕೇಳಬೇಕು. ಏಕೆಂದರೆ ಪಾಲಿಸಲಾಗದ ನಿಯಮವಿರುವ ಕಚೇರಿಯಲ್ಲಿ ಪಾಸ್‌ವರ್ಡು ಚೀಟಿಯಾಗಿ ಗೋಡೆಯನ್ನೇರುತ್ತದೆ. ಅರಿಯದೆ ವಂಚನೆಯ ಲಿಂಕನ್ನು ಒತ್ತಿದವರು ದಂಡನೆಯ ಭಯವಿಲ್ಲದೆ ಒಡನೆಯೇ ಬಂದು ತಿಳಿಸುವಂತಾದರೆ, ಆ ಒಂದು ಗಣಕವನ್ನು ಜಾಲದಿಂದ ಬೇರ್ಪಡಿಸಿ, ಅದರ ಪಾಸ್‌ವರ್ಡುಗಳನ್ನೆಲ್ಲ ಬದಲಿಸಲು ಇನ್ನೂ ಕಾಲಾವಕಾಶವಿರುತ್ತದೆ.