ಫೋರ್ಟ್ರಾನ್‌ನಿಂದ ಸಿ ಸಂಖ್ಯಾತ್ಮಕ ಲೈಬ್ರರಿಗಳ ಬಳಕೆ

ಫೋರ್ಟ್ರಾನ್‌ನಿಂದ ಸಿ ಸಂಖ್ಯಾತ್ಮಕ ಲೈಬ್ರರಿಗಳ ಬಳಕೆ ಎಂದರೆ ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಒಂದು ಸಿ ಭಾಷೆಯ ಲೈಬ್ರರಿಯಲ್ಲಿರುವ ಗಣಿತದ ಫಂಕ್ಷನ್‌ಗಳನ್ನು ನೇರವಾಗಿ ಕರೆದು ಉತ್ತರ ಪಡೆಯುವ ವಿಧಾನ. ಗ್ನೂ ಸೈಂಟಿಫಿಕ್ ಲೈಬ್ರರಿ (ಜಿಎಸ್‌ಎಲ್) ಹಾಗೂ ಫೂರಿಯೇ ಪರಿವರ್ತನೆಯ ಎಫ್‌ಎಫ್‌ಟಿಡಬ್ಲ್ಯೂ ಇಂತಹ ಪ್ರಸಿದ್ಧ ಸಿ ಲೈಬ್ರರಿಗಳು. ಎರಡು ಭಾಷೆಗಳ ನಡುವಿನ ಒಪ್ಪಂದವನ್ನು ಪ್ರೋಗ್ರಾಮರ್ ತಾನೇ ಬರೆಯಬೇಕು. ಅದು ತಪ್ಪಾದರೆ ಪ್ರೋಗ್ರಾಮ್ ನಿಲ್ಲದೆ ತಪ್ಪು ಉತ್ತರ ಕೊಡಬಹುದು.

ಹಿನ್ನೆಲೆ

ಜಾನ್ ಬ್ಯಾಕಸ್ ನೇತೃತ್ವದ ಐಬಿಎಂ ತಂಡವು ಫೋರ್ಟ್ರಾನ್ ಭಾಷೆಯನ್ನು 1957ರಲ್ಲಿ ಹೊರತಂದಿತು. ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು. ದ್ರವಚಲನೆ, ಹವಾಮಾನ ಮೊದಲಾದ ಕ್ಷೇತ್ರಗಳ ದೊಡ್ಡ ಪ್ರೋಗ್ರಾಮ್‌ಗಳು ಫೋರ್ಟ್ರಾನ್‌ನಲ್ಲಿಯೇ ಬೆಳೆದವು. ಅನೇಕ ಹೊಸ ಲೈಬ್ರರಿಗಳು ಸಿ ಭಾಷೆಯಲ್ಲಿ ಬಂದವು. ಹಳೆಯ ಪ್ರೋಗ್ರಾಮ್‌ಗಳನ್ನು ಮತ್ತೆ ಬರೆಯುವುದಕ್ಕಿಂತ ಎರಡನ್ನೂ ಜೋಡಿಸುವುದು ಸುಲಭವಾಯಿತು.

ಕರ್ನಾಟಕದಲ್ಲಿಯೂ ಇಂತಹ ಗಣನೆಗೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕದ ಅಭಿವೃದ್ಧಿಯನ್ನು ಆರಂಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರಟಿ ಹೆಸರಿನ ಕ್ರೇ ಎಕ್ಸ್‌ಸಿ40 ಸೂಪರ್‌ಕಂಪ್ಯೂಟರ್ ಸ್ಥಾಪನೆಯಾಯಿತು. ಹವಾಮಾನ ಸಂಶೋಧನೆಯಲ್ಲಿ ಬಳಕೆಯಲ್ಲಿರುವ ಡಬ್ಲ್ಯೂಆರ್‌ಎಫ್ ಮಾದರಿಯ ಬಹುಪಾಲು ಫೋರ್ಟ್ರಾನ್‌ನಲ್ಲಿದೆ. ಅದು ದತ್ತಾಂಶ ಬರೆಯಲು ಬಳಸುವ ನೆಟ್‌ಸಿಡಿಎಫ್ ಲೈಬ್ರರಿಯ ತಿರುಳು ಸಿ ಭಾಷೆಯಲ್ಲಿದೆ.

ಮಾನಕಕ್ಕೆ ಮೊದಲು

ಅನೇಕ ಫೋರ್ಟ್ರಾನ್ ಕಂಪೈಲರ್‌ಗಳು ಫಂಕ್ಷನ್‌ನ ಹೆಸರನ್ನು ಚಿಕ್ಕ ಅಕ್ಷರಗಳಿಗೆ ಬದಲಿಸಿ ಕೊನೆಗೊಂದು ಅಡಿಗೆರೆ ಸೇರಿಸುತ್ತಿದ್ದವು. ಕೆಲವು ದೊಡ್ಡ ಅಕ್ಷರಗಳನ್ನು ಬಳಸುತ್ತಿದ್ದವು. ಆದ್ದರಿಂದ ಒಂದು ಯಂತ್ರದಲ್ಲಿ ನಡೆದ ಜೋಡಣೆ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಪ್ರತಿ ಫಂಕ್ಷನ್‌ಗೂ ಸಿ ಭಾಷೆಯಲ್ಲಿ ಒಂದು ಮಧ್ಯವರ್ತಿ ಫಂಕ್ಷನ್ ಬರೆಯುವುದು ರೂಢಿಯಾಗಿತ್ತು. 2004ರಲ್ಲಿ ಪ್ರಕಟವಾದ ಫೋರ್ಟ್ರಾನ್ 2003 ಮಾನಕವು ಐಎಸ್‌ಒ_ಸಿ_ಬೈಂಡಿಂಗ್ ಎಂಬ ಮಾಡ್ಯೂಲ್ ಹಾಗೂ ಬೈಂಡ್(ಸಿ) ಎಂಬ ಸೂಚನೆಯನ್ನು ಒದಗಿಸಿ ಈ ತೊಡಕನ್ನು ಬಗೆಹರಿಸಿತು.

ವಿಧಾನ

ಸಿಲಿಂಡರ್ ಆಕಾರದ ವಸ್ತುಗಳಲ್ಲಿ ಉಷ್ಣದ ಹರಿವನ್ನು ಲೆಕ್ಕ ಹಾಕುವಾಗ ಬೆಸೆಲ್ ಫಂಕ್ಷನ್‌ಗಳು ಬೇಕಾಗುತ್ತವೆ. ಜಿಎಸ್‌ಎಲ್‌ನಲ್ಲಿ ಶೂನ್ಯ ಕ್ರಮಾಂಕದ ಬೆಸೆಲ್ ಫಂಕ್ಷನ್ ಒಂದು ಡಬಲ್ ಸಂಖ್ಯೆಯನ್ನು ಪಡೆದು ಇನ್ನೊಂದು ಡಬಲ್ ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಕರೆಯಲು ಫೋರ್ಟ್ರಾನ್‌ನಲ್ಲಿ ಇಂಟರ್‌ಫೇಸ್ ಬ್ಲಾಕ್ ಬರೆಯಬೇಕು. ಅದರಲ್ಲಿ ಮೂರು ಸಂಗತಿಗಳಿರುತ್ತವೆ:

೧. ಸಿ ಲೈಬ್ರರಿಯಲ್ಲಿರುವ ನಿಖರವಾದ ಹೆಸರು. ಸಿ ಭಾಷೆ ದೊಡ್ಡ ಮತ್ತು ಚಿಕ್ಕ ಅಕ್ಷರಗಳನ್ನು ಬೇರೆ ಎಂದು ಪರಿಗಣಿಸುತ್ತದೆ. ಈ ಫಂಕ್ಷನ್‌ನ ಹೆಸರಿನಲ್ಲಿ ದೊಡ್ಡ ‘ಜೆ’ ಇರುವುದರಿಂದ ಹೆಸರನ್ನು ಬೈಂಡ್ ಸೂಚನೆಯೊಳಗೆ ಸ್ಪಷ್ಟವಾಗಿ ಬರೆಯಬೇಕು.

೨. ಸಂಖ್ಯೆಗಳ ಬಗೆ. ಸಿ ಡಬಲ್‌ಗೆ ಸಿ_ಡಬಲ್, ಪೂರ್ಣಾಂಕಕ್ಕೆ ಸಿ_ಇಂಟ್, ಗಾತ್ರ ಸೂಚಿಸುವ ಪೂರ್ಣಾಂಕಕ್ಕೆ ಸಿ_ಸೈಜ್_ಟಿ ಬಳಸಬೇಕು.

೩. ವ್ಯಾಲ್ಯೂ ಎಂಬ ಸೂಚನೆ. ಫೋರ್ಟ್ರಾನ್ ಸಾಮಾನ್ಯವಾಗಿ ಚರಾಕ್ಷರದ ವಿಳಾಸವನ್ನು ಕಳಿಸುತ್ತದೆ. ಈ ಸಿ ಫಂಕ್ಷನ್ ಬೆಲೆಯನ್ನೇ ನಿರೀಕ್ಷಿಸುತ್ತದೆ.

ಲಿಂಕ್ ಮಾಡುವಾಗ ಜಿಎಸ್‌ಎಲ್ ಜೊತೆಗೆ ಒಂದು ಸಿಬ್ಲಾಸ್ ಲೈಬ್ರರಿಯನ್ನೂ ಸೇರಿಸಬೇಕು. 5 ಎಂಬ ಬೆಲೆ ಕೊಟ್ಟಾಗ ಸುಮಾರು −0.177597 ಬಂದರೆ ಜೋಡಣೆ ಸರಿಯಾಗಿದೆ ಎಂದು ತಿಳಿಯಬಹುದು.

ಮೌನವಾದ ದೋಷಗಳು

ಹೆಸರು ತಪ್ಪಾದರೆ ಲಿಂಕರ್ ದೋಷವನ್ನು ತೋರಿಸುತ್ತದೆ. ಆದರೆ ವ್ಯಾಲ್ಯೂ ಸೂಚನೆ ಬಿಟ್ಟುಹೋದರೆ ಯಾವ ಎಚ್ಚರಿಕೆಯೂ ಬರದಿರಬಹುದು. ಫೋರ್ಟ್ರಾನ್ ಕಂಪೈಲರ್ ಸಿ ಭಾಷೆಯ ಹೆಡರ್ ಕಡತವನ್ನು ಓದುವುದಿಲ್ಲ. ಪ್ರೋಗ್ರಾಮರ್ ಬರೆದ ಇಂಟರ್‌ಫೇಸನ್ನೇ ನಂಬುತ್ತದೆ. ಆಗ ಸಿ ಫಂಕ್ಷನ್ ಸಂಬಂಧವಿಲ್ಲದ ಯಾವುದೋ ಬೆಲೆಯನ್ನು ಓದಿ ಅದಕ್ಕೆ ಉತ್ತರ ಕೊಡುತ್ತದೆ.

ಎರಡನೆಯ ಅಪಾಯ ಮಾತೃಕೆಗಳದ್ದು. ಫೋರ್ಟ್ರಾನ್ ಮಾತೃಕೆಯನ್ನು ಕಂಬಸಾಲುಗಳ ಕ್ರಮದಲ್ಲಿ ಸ್ಮೃತಿಯಲ್ಲಿಡುತ್ತದೆ, ಸಿ ಅಡ್ಡಸಾಲುಗಳ ಕ್ರಮದಲ್ಲಿಡುತ್ತದೆ. ಫೋರ್ಟ್ರಾನ್‌ನ 2 ಅಡ್ಡಸಾಲು, 3 ಕಂಬಸಾಲುಗಳ ಮಾತೃಕೆ ಸಿ ದೃಷ್ಟಿಯಲ್ಲಿ 3 ಅಡ್ಡಸಾಲು, 2 ಕಂಬಸಾಲುಗಳದ್ದಾಗುತ್ತದೆ. ಆದ್ದರಿಂದ ಎಫ್‌ಎಫ್‌ಟಿಡಬ್ಲ್ಯೂಗೆ ಆಯಾಮಗಳನ್ನು ಹಿಂದುಮುಂದಾಗಿ ಕೊಡಬೇಕು. ಸಮಮಿತೀಯ ಮಾತೃಕೆಯಲ್ಲಿ ಅಡ್ಡಸಾಲು ಮತ್ತು ಕಂಬಸಾಲುಗಳು ಒಂದೇ ಆಗಿರುವುದರಿಂದ ಈ ದೋಷ ಅಡಗಿಹೋಗುತ್ತದೆ. ಪರೀಕ್ಷೆಗೆ ಸಮಮಿತಿಯಿಲ್ಲದ ಮಾತೃಕೆಯನ್ನೇ ಆರಿಸಿಕೊಳ್ಳಬೇಕು.

ಫೋರ್ಟ್ರಾನ್‌ನಲ್ಲಿ ಸರಣಿಗಳ ಎಣಿಕೆ ಸಾಮಾನ್ಯವಾಗಿ 1ರಿಂದ ಆರಂಭವಾಗುತ್ತದೆ, ಸಿ ಭಾಷೆಯಲ್ಲಿ 0ಯಿಂದ. ಸಿ ಫಂಕ್ಷನ್ ಸ್ಥಾನಸಂಖ್ಯೆಯನ್ನು ಹಿಂದಿರುಗಿಸಿದರೆ ಅದಕ್ಕೆ 1 ಕೂಡಿಸಬೇಕು. ಅಕ್ಷರಮಾಲೆಗಳನ್ನು ಕಳಿಸುವಾಗ ಕೊನೆಯಲ್ಲಿ ಶೂನ್ಯಾಕ್ಷರ ಸೇರಿಸಬೇಕು.

ಫಂಕ್ಷನ್‌ಗಳನ್ನು ಕಳಿಸುವುದು

ಅನುಕಲನದಂತಹ ಕೆಲಸದಲ್ಲಿ ಜಿಎಸ್‌ಎಲ್ ತಾನೇ ಬಳಕೆದಾರರ ಫಂಕ್ಷನ್ ಅನ್ನು ಮರಳಿ ಕರೆಯುತ್ತದೆ. ಅಂತಹ ಫೋರ್ಟ್ರಾನ್ ಫಂಕ್ಷನ್‌ಗೂ ಬೈಂಡ್(ಸಿ) ಸೂಚನೆ ಇರಬೇಕು. ಅದರ ವಿಳಾಸವನ್ನು ಸಿ_ಫನ್‌ಲಾಕ್ ಮೂಲಕ ಪಡೆದು ಕಳಿಸಬೇಕು.

ದೋಷ ಉಂಟಾದಾಗ ಜಿಎಸ್‌ಎಲ್ ಪೂರ್ವನಿಯೋಜಿತವಾಗಿ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ದಿನಗಟ್ಟಲೆ ನಡೆಯುವ ಗಣನೆಯಲ್ಲಿ ಇದರಿಂದ ಉಳಿಸದ ಫಲಿತಾಂಶಗಳೆಲ್ಲ ನಷ್ಟವಾಗುತ್ತವೆ. ಈ ವ್ಯವಸ್ಥೆಯನ್ನು ಆರಂಭದಲ್ಲಿಯೇ ನಿಷ್ಕ್ರಿಯಗೊಳಿಸಬಹುದು. ಆಗ ಪ್ರತಿ ಫಂಕ್ಷನ್ ಹಿಂದಿರುಗಿಸುವ ದೋಷಸಂಖ್ಯೆಯನ್ನು ಪ್ರೋಗ್ರಾಮರ್ ಸ್ವತಃ ಪರಿಶೀಲಿಸಬೇಕಾಗುತ್ತದೆ.

ಸಿದ್ಧ ಇಂಟರ್‌ಫೇಸ್‌ಗಳು

ಜಿಎಸ್‌ಎಲ್‌ಗೆ ಎಫ್‌ಜಿಎಸ್‌ಎಲ್ ಎಂಬ ಫೋರ್ಟ್ರಾನ್ ಇಂಟರ್‌ಫೇಸ್ ಲಭ್ಯವಿದೆ. ಎಫ್‌ಎಫ್‌ಟಿಡಬ್ಲ್ಯೂ ತನ್ನೊಂದಿಗೆ ಫೋರ್ಟ್ರಾನ್ 2003 ಘೋಷಣೆಗಳ ಕಡತವನ್ನು ನೀಡುತ್ತದೆ. ಇವುಗಳಲ್ಲಿ ಬಗೆ ಮತ್ತು ವ್ಯಾಲ್ಯೂ ಸೂಚನೆಗಳು ಮೊದಲೇ ಇರುವುದರಿಂದ ಅಂತಹ ತಪ್ಪುಗಳಿಗೆ ಅವಕಾಶ ಕಡಿಮೆ. ಆಯಾಮಗಳ ಕ್ರಮದ ಹೊಣೆ ಮಾತ್ರ ಎಫ್‌ಎಫ್‌ಟಿಡಬ್ಲ್ಯೂ ಬಳಸುವವರ ಮೇಲೆಯೇ ಉಳಿಯುತ್ತದೆ.