ಸಹಿ ಬಿದ್ದ ತೀರ್ಪು

ಒಂದು ಗುಂಟೆ ಹೊಲದ ವ್ಯಾಜ್ಯದಲ್ಲಿ ಡಿಕ್ರಿ ಕೊಟ್ಟ ಮುನಸೀಫರು, ಆಗ ದೊರೆಯದಿದ್ದ ಮುಖ್ಯವಾದ ಸಾಕ್ಷ್ಯವು ಆಮೇಲೆ ದೊರೆತುದಾದರೆ, ತಮ್ಮ ತೀರ್ಪನ್ನು ತಾವೇ ಪುನರ್ವಿಮರ್ಶೆ ಮಾಡಬಹುದು. ಸಿವಿಲ್ ಪ್ರೊಸೀಜರ್ ಕೋಡು ಇದಕ್ಕೆ ಅವಕಾಶ ಕೊಟ್ಟಿದೆ. ಅದೇ ಊರಿನ ಸೆಷನ್ಸ್ ನ್ಯಾಯಾಧೀಶರು ಒಬ್ಬನಿಗೆ ಮರಣದಂಡನೆಯನ್ನು ವಿಧಿಸಿ ಸಹಿ ಹಾಕಿದರೆಂದರೆ, ಬರವಣಿಗೆಯ ತಪ್ಪನ್ನೋ ಲೆಕ್ಕದ ತಪ್ಪನ್ನೋ ತಿದ್ದುವುದರ ಹೊರತು ಮತ್ತೇನನ್ನೂ ಮಾಡಲಾರರು. ಹೈಕೋರ್ಟು ಸ್ಥಿರಪಡಿಸದೆ ಆ ದಂಡನೆಯು ಜಾರಿಯಾಗದೆಂಬುದು ನಿಜ. ಆದರೆ ಹೈಕೋರ್ಟಿನ ಕೈಗೂ ಅದೇ ಕಟ್ಟುಂಟು. 1898ನೆಯ ಇಸವಿಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ 369ನೆಯ ಸೆಕ್ಷನ್ನು ಹಾಕಿದ ಈ ಕಟ್ಟು 1973ರ ಕೋಡಿನಲ್ಲಿ 362ನೆಯದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 403ನೆಯದಾಗಿದೆ. ಪರಕೀಯರ ಆಳಿಕೆ ಹೋಯಿತು, ಕೋಡಿನ ಹೆಸರು ಸಂಸ್ಕೃತವಾಯಿತು, ಕಟ್ಟು ಮಾತ್ರ ಸಡಿಲಲಿಲ್ಲ.

ಈ ಕಟ್ಟು ನಿರರ್ಥಕವೆಂದು ನಾವು ಹೇಳುವವರಲ್ಲ. ಶಿಕ್ಷೆ ವಿಧಿಸಿದ ನ್ಯಾಯಾಧೀಶರ ಬಾಗಿಲನ್ನು ಹಣವುಳ್ಳವನು ದಿನದಿನವೂ ತಟ್ಟುವಂತಾದರೆ ತೀರ್ಪಿಗೆ ಬೆಲೆಯೇನು? ಸೆರೆಮನೆಗೆ ಹೋದವನನ್ನು ಅಪೀಲಿನ ಮೇಲಾದರೂ ಹೊರಗೆ ತರಬಹುದು. ನಮ್ಮ ಆಕ್ಷೇಪವಿರುವುದು ಗಲ್ಲಿನ ವಿಷಯದಲ್ಲಿ.

ಸುಪ್ರೀಂ ಕೋರ್ಟಿಗೆ ರಾಜ್ಯಾಂಗದ 137ನೆಯ ವಿಧಿಯು ತನ್ನ ತೀರ್ಪನ್ನು ಮರಳಿ ನೋಡುವ ಅಧಿಕಾರವನ್ನು ಕೊಟ್ಟಿದೆ. ಆದರೆ ಆ ಕೋರ್ಟಿನ ನಿಯಮಗಳೇ ಕ್ರಿಮಿನಲ್ ಪ್ರಕರಣಗಳಲ್ಲಿ ಅದನ್ನು ದಾಖಲೆಯ ಮುಖದಲ್ಲೇ ಕಾಣುವ ದೋಷಕ್ಕೆ ಮಿತಗೊಳಿಸಿವೆ. 1978ರ ತಿದ್ದುಪಡಿಯ ತರುವಾಯ ಇಂಥ ಅರ್ಜಿಗಳು ವಕೀಲರ ವಾದವಿಲ್ಲದೆ, ಕಾಗದಗಳು ನ್ಯಾಯಮೂರ್ತಿಗಳ ಕೈಯಿಂದ ಕೈಗೆ ಹೋಗಿ ಮುಗಿಯತೊಡಗಿದವು.

ಇದರಿಂದ ಏನಾಗಬಲ್ಲದೆಂಬುದಕ್ಕೆ ಉತ್ತರ ಪ್ರದೇಶದ ಒಂದು ಮೊಕದ್ದಮೆಯೇ ಸಾಕು. ನಾಲ್ವರ ಕೊಲೆಗಾಗಿ ಜೀತಾ ಸಿಂಗ್, ಕಾಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಎಂಬ ಮೂವರಿಗೂ ಮರಣದಂಡನೆಯಾಯಿತು. ಅಲಹಾಬಾದು ಹೈಕೋರ್ಟು 1975ರಲ್ಲಿ ಅದನ್ನು ಎತ್ತಿಹಿಡಿಯಿತು. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ಬೇರೆ ಪೀಠಗಳು ಕೇಳಿದವು. ಜೀತಾ ಸಿಂಗನ ಅರ್ಜಿ 1976ರಲ್ಲಿ ವಜಾ ಆಯಿತು. ಕಾಶ್ಮೀರಾ ಸಿಂಗನ ಶಿಕ್ಷೆಯು 1977ರಲ್ಲಿ ಜೀವಾವಧಿಗೆ ಇಳಿಯಿತು. ಹರಬನ್ಸನ ಅರ್ಜಿ 1978ರಲ್ಲಿ ವಜಾ ಆಯಿತು. 1980ರಲ್ಲಿ ಆತನ ಪುನರ್ವಿಮರ್ಶೆಯ ಅರ್ಜಿಯೂ ಬಿದ್ದುಹೋಯಿತು. ಜೊತೆಯ ಅಪರಾಧಿಗೆ ಪ್ರಾಣ ಉಳಿದು ಆಗಲೇ ಮೂರು ವರ್ಷಗಳಾಗಿದ್ದವು! 1981ರ ಅಕ್ಟೋಬರ್ 6 ಇಬ್ಬರಿಗೂ ಗಲ್ಲಿನ ದಿನ. ಹರಬನ್ಸ್ ಮತ್ತೊಂದು ರಿಟ್ ಅರ್ಜಿಯನ್ನು ಹಾಕಿ ತಡೆಯಾಜ್ಞೆ ಪಡೆದನು. ಜೀತಾ ಸಿಂಗನು ಅಂದೇ ಗಲ್ಲಿಗೇರಿದನು. 1982ರ ಫೆಬ್ರವರಿಯಲ್ಲಿ ಶ್ರೇಷ್ಠ ನ್ಯಾಯಮೂರ್ತಿ ಚಂದ್ರಚೂಡರ ಪೀಠವು ಹರಬನ್ಸನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಮುಂದೆ ಗಲ್ಲಿಗೇರಿಸುವ ಮುನ್ನ ಜೊತೆಯ ಅಪರಾಧಿಗಳ ಶಿಕ್ಷೆ ಇಳಿದಿದೆಯೇ ಎಂದು ಜೈಲಿನ ಸೂಪರಿಂಟೆಂಡೆಂಟರೇ ವಿಚಾರಿಸಿಕೊಳ್ಳಬೇಕೆಂದೂ ಹೇಳಿತು. ಕೋರ್ಟಿನ ದಫ್ತರವು ನೋಡಬೇಕಾದುದನ್ನು ಜೈಲಿನವರು ನೋಡಬೇಕಾಗಿ ಬಂದಿತು.

2014ರಲ್ಲಿ ಐವರ ಪೀಠದ ನಾಲ್ವರು, ಮರಣದಂಡನೆಯ ಪುನರ್ವಿಮರ್ಶೆಯನ್ನು ಮೂವರಿಗೆ ಕಡಿಮೆಯಿಲ್ಲದ ನ್ಯಾಯಮೂರ್ತಿಗಳು ಬಹಿರಂಗ ಕೋರ್ಟಿನಲ್ಲಿ ಕೇಳತಕ್ಕದ್ದೆಂದು ತೀರ್ಮಾನಿಸಿದರು. ವಾದಕ್ಕೆ ಅರ್ಧ ಗಂಟೆಯ ಮಿತಿ. ಇಷ್ಟಾದುದು ಸಂತೋಷವೇ. ಆದರೂ ಇದು ನ್ಯಾಯಮೂರ್ತಿಗಳು ಕೊಟ್ಟುದು, ಶಾಸನವು ಕೊಟ್ಟುದಲ್ಲ. ಹೈಕೋರ್ಟುಗಳ ಕಟ್ಟು ಹಾಗೆಯೇ ಇದೆ.

ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ದೊರೆಯು ಮರಳಿ ನೋಡತಕ್ಕದ್ದೆಂದು ಯಾಜ್ಞವಲ್ಕ್ಯರು ವಿಧಿಸಿದ್ದಾರೆ. ಅವರ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದುದು ನಮ್ಮ ಕಲ್ಯಾಣದಲ್ಲಿ. ಆ ಸ್ಮೃತಿಯಲ್ಲಿ ತಪ್ಪಿ ತೀರ್ಪಿತ್ತ ಸಭ್ಯರಿಗೂ ದಂಡವುಂಟು. ಅಷ್ಟನ್ನು ನಾವು ಕೇಳುತ್ತಿಲ್ಲ. ಮರಣದಂಡನೆಯ ಮಟ್ಟಿಗಾದರೂ 403ನೆಯ ಸೆಕ್ಷನ್ನಿಗೆ ಅಪವಾದವೊಂದನ್ನು ಸೇರಿಸಿ, ಹೊಸ ಸಾಕ್ಷ್ಯ ದೊರೆತಾಗ ತೀರ್ಪನ್ನು ಮರಳಿ ನೋಡುವ ಅಧಿಕಾರವನ್ನು ಹೈಕೋರ್ಟಿಗೆ ಕೊಡುವ ಮಸೂದೆಯನ್ನು ಪಾರ್ಲಿಮೆಂಟಿನ ಸದಸ್ಯರು ತರಲಿ. ಹೊಲದ ಒಡೆಯನಿಗೆ ಆ ಸೌಕರ್ಯವು ಈಗಾಗಲೇ ಇದೆ.