ಒಂದು ಪುಟ, ಒಂದು ನಿಮಿಷ

ಮಾರಿಕುಪ್ಪಂ ರೈಲಿನಿಂದ ಇಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೇರ ಮನೆಗೆ ಬಂದು 180 ಪುಟಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟ. ‘ಸಾರ್, ಚಿತ್ರಕಥೆ ಸ್ಪರ್ಧೆಗೆ ಕಳಿಸಬೇಕು, ನೋಡಿಕೊಡಿ.’ 2001ರಲ್ಲಿ ಚಿನ್ನದ ಗಣಿ ಮುಚ್ಚಿ ಅವನಪ್ಪನ ಕೆಲಸ ಹೋದಾಗ ಇವನು ಕೈಗೂಸು.

ವಿಜ್ಞಾನದ ಮೇಷ್ಟರಿಗೆ ಇದೇಕೆ ಎನ್ನಬೇಡಿ, ಇಲ್ಲಿಯೂ ಲೆಕ್ಕವಿದೆ. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಇವನದು ಮೂರು ಗಂಟೆ! ರಾಶಿ ರಾಶಿ ಓದಬೇಕಾದ ತೀರ್ಪುಗಾರರು ಹತ್ತನೇ ಪುಟಕ್ಕೇ ಕೈಬಿಟ್ಟಾರು.

ತೆರೆದರೆ ಬರೀ ಗುಂಡಿನ ಸದ್ದು. 2018ರ ‘ಕೆ.ಜಿ.ಎಫ್’ ಚಿತ್ರದ ನಂತರ ಹೊರಗಿನವರಿಗೆ ನಮ್ಮೂರೆಂದರೆ ಅದೇ. ಅದನ್ನೇ ಬರೆಯಲು ಮೈಸೂರು ಮೈನ್ಸ್‌ನಲ್ಲಿ ಹುಟ್ಟಬೇಕೆ? 41ನೇ ಪುಟದಲ್ಲಿ ಮಾತ್ರ ನಿಂತೆ. ನೆಲದಾಳದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆಗಳು ಉರುಳುತ್ತವೆ. ಹೆಂಗಸೊಬ್ಬಳು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಾಳೆ. ಮಾತೇ ಇಲ್ಲ. ‘ಅಮ್ಮ ಹೇಳಿದ್ದು ಸಾರ್’ ಎಂದ. ‘ಇದೇ ನಿನ್ನ ಮೊದಲ ಪುಟ’ ಎಂದೆ.

ಕಳಿಸುವ ಮುನ್ನ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸುವುದು ಜಾಣತನ. ನಾಳೆ ತಕರಾರು ಬಂದರೆ ಸಾಕ್ಷಿ. ನಿಯಮಗಳಲ್ಲಿ ಭಾಷೆ ಯಾವುದೆಂದು ನೋಡಬೇಕು. ಆಸ್ಕರ್ ಅಕಾಡೆಮಿ 1986ರಲ್ಲಿ ಆರಂಭಿಸಿದ ನಿಕೋಲ್ ಸ್ಪರ್ಧೆಗೆ ಇಂಗ್ಲಿಷೇ ಆಗಬೇಕು. ಇವನಿಗೋ ಮನೆಯಲ್ಲಿ ತಮಿಳು, ಬರೆಯುವುದು ಕನ್ನಡ. ಕನ್ನಡಕ್ಕೆ ಅವಕಾಶವಿದ್ದ ಸ್ಪರ್ಧೆಯೊಂದಕ್ಕೆ ಸಂಬಳದಿಂದ ಶುಲ್ಕ ಕಟ್ಟಿ, 110 ಪುಟಕ್ಕಿಳಿಸಿ ಕಳಿಸಿದ.

ಆಯ್ಕೆ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎರಡು ವಾರ ಇತ್ತ ಸುಳಿಯಲೇ ಇಲ್ಲ. ಮೊನ್ನೆ ಬಂದ. ಅಮ್ಮನಿಗೆ ಓದಿ ಹೇಳಿದನಂತೆ. ‘ಮೊದಲು ಬಿದ್ದದ್ದು ಪಾತ್ರೆಯಲ್ಲ, ಗೋಡೆಯ ಮೇಲಿದ್ದ ಮದುವೆ ಫೋಟೋ’ ಎಂದರಂತೆ. ಆ ಪುಟವನ್ನು ಹೊಸದಾಗಿ ಬರೆದು ತಂದಿದ್ದಾನೆ.